ಮಾಳಿಗೆ ಸೋರಿದರೆ ಬಣ್ಣಕ್ಕಿಂತ ಮೊದಲು ಮೂಲೆ ನೋಡಿ

ಮಾಳಿಗೆ ಸೋರಲು ಶುರುವಾದರೆ ಬಹಳ ಜನ ಮೊದಲು ಮಾಡುವ ಕೆಲಸ ಪೇಂಟ್ ಅಂಗಡಿಗೆ ಹೋಗಿ ವಾಟರ್‌ಪ್ರೂಫ್ ಡಬ್ಬಿ ತರುವುದು. ಅದು ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಕೆಲಸ. ಅದಕ್ಕೂ ಮುಂಚೆ ಮಾಡಬೇಕಾದ್ದು ಬೇಕಾದಷ್ಟಿದೆ. ಅದರಲ್ಲಿ ಮುಕ್ಕಾಲು ಪಾಲು ಮೂಲೆ, ಸಂದು, ಪೈಪಿನ ಸುತ್ತಮುತ್ತಲಿನ ಕೆಲಸ. ರಾಯಚೂರಿನ ನಮ್ಮ ಮನೆಯ ಮಾಳಿಗೆಯನ್ನು ಸಂಕ್ರಾಂತಿ ಆದ ಮೇಲೆ ಹಿಡಿದು ಯುಗಾದಿಗೆ ಮುಂಚೆ ಮುಗಿಸಿದೆವು. ಹೆಚ್ಚಿನ ಕೆಲಸ ಮನೆಯವರೇ ಮಾಡಿದ್ದು. ಪರಿಚಯದ ಹಿರಿಯ ಗೌಂಡಿ ಒಬ್ಬರು ನಡುನಡುವೆ ಬಂದು ನೋಡಿ ಹೇಳಿಕೊಟ್ಟರು. ನಾನು ಹತ್ತಿ ಜಿನ್ನಿಂಗ್ ಮಿಲ್‌ನಲ್ಲಿ ಲೆಕ್ಕ ಬರೆಯುವವಳು, ಸಿಮೆಂಟ್ ಕೆಲಸ ನನ್ನ ಕಸುಬಲ್ಲ. ಆದರೂ ಇದು ಕಲಿತು ಮಾಡಬಹುದಾದ ಕೆಲಸ. ತಾಳ್ಮೆ ಬೇಕು, ಹೊತ್ತು ನೋಡಿ ಮಾಡಬೇಕು, ಅಷ್ಟೇ.

ನಮ್ಮದು ಮಾವ ಕಟ್ಟಿಸಿದ ಆರ್‌ಸಿಸಿ ಮನೆ. ಮಳೆಗಾಲ ಬಂತೆಂದರೆ ಅಡುಗೆಮನೆಯ ಒಂದು ಮೂಲೆಯ ಚತ್ತು, ಅಂದರೆ ಸ್ಲ್ಯಾಬಿನ ಕೆಳಮೈ, ಒದ್ದೆಯಾಗಿ ಕಪ್ಪಗಾಗುತ್ತಿತ್ತು. ಮಳೆ ನಿಂತು ಒಣಗಿದ ಮೇಲೆ ಅದೇ ಜಾಗದಲ್ಲಿ ಬಿಳಿ ಉಪ್ಪು ಹೊರಗೆ ಬಂದು, ಕೈಯಿಂದ ಸವರಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಹಿಂದೊಮ್ಮೆ ಗುತ್ತಿಗೆ ಕೊಟ್ಟು ಮಾಳಿಗೆಗೆ ಬಣ್ಣ ಹೊಡೆಸಿದ್ದೆವು. ಬಂದವರು ಧೂಳು ಕೂಡ ಸರಿಯಾಗಿ ಗುಡಿಸದೆ ಅದರ ಮೇಲೇ ಬಳಿದು ಹೋದರು. ಮುಂದಿನ ಬೇಸಿಗೆಗೆ ಅದು ಹಪ್ಪಳದ ಹಾಗೆ ಉಬ್ಬಿ ಎದ್ದಿತು. ದುಡ್ಡೂ ಹೋಯಿತು, ಸೋರುವುದೂ ನಿಲ್ಲಲಿಲ್ಲ.

ನಮ್ಮ ಕಡೆ ಮಳೆ ಕಡಿಮೆ, ನಿಜ. ಆದರೆ ಬಿಸಿಲು ಜಾಸ್ತಿ, ಮಾಳಿಗೆಯನ್ನು ಮೊದಲು ಹಾಳು ಮಾಡುವುದು ಆ ಬಿಸಿಲೇ. ಮೇ ತಿಂಗಳಲ್ಲಿ ಗಾಳಿಯೇ 42, 43 ಡಿಗ್ರಿ ಮುಟ್ಟುತ್ತದೆ, ಬಿಸಿಲಿಗೆ ಮೈಯೊಡ್ಡಿದ ಕಾಂಕ್ರೀಟ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ರಾತ್ರಿ ಮತ್ತೆ ತಣ್ಣಗಾಗುತ್ತದೆ. ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. 10 ಮೀಟರ್ ಉದ್ದದ ಸ್ಲ್ಯಾಬಿನ ಶಾಖ 30 ಡಿಗ್ರಿ ಏರಿ ಇಳಿದರೆ ಅದರ ಉದ್ದದಲ್ಲಿ ಸುಮಾರು 3 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. 3 ಮಿಲಿಮೀಟರ್ ಏನು ಮಹಾ ಅನಿಸಬಹುದು. ಆದರೆ ಇದು ದಿನಾ ನಡೆಯುವ ಎಳೆದಾಟ. ಸ್ಲ್ಯಾಬ್ ಅಂಚಿನ ಮೇಲೆ ಇಟ್ಟಿಗೆಯ ಗಿಡ್ಡ ಗೋಡೆ, ಅಂದರೆ ಪ್ಯಾರಾಪೆಟ್, ಆಮೇಲೆ ಕಟ್ಟಿದ್ದು. ಅದು ಬೇರೆ ರೀತಿ ಹಿಗ್ಗುತ್ತದೆ, ಸ್ಲ್ಯಾಬ್ ಬೇರೆ ರೀತಿ. ಎರಡೂ ಸೇರುವ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನೀರಿಗೆ ಅಷ್ಟು ದಾರಿ ಸಾಕು. ಅಲ್ಲಿ ಇಳಿದ ನೀರು ಸ್ಲ್ಯಾಬ್ ಒಳಗೆ ಎಲ್ಲಿ ಪೊಳ್ಳು ಸಿಗುತ್ತದೋ ಅಲ್ಲೆಲ್ಲ ಹರಿದು, ಕೊನೆಗೆ ಎಲ್ಲೋ ದೂರದಲ್ಲಿ ತೊಟ್ಟಿಕ್ಕುತ್ತದೆ. ಕೆಳಗೆ ಹನಿ ಬೀಳುವ ಜಾಗದ ನೇರ ಮೇಲೇ ತೂತು ಇರುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ.

ಮೂಲೆಯ ಮಾತು ಮೊದಲು ಎತ್ತಿದ್ದು ನಮ್ಮ ಅತ್ತೆ. ಅವರು ಹುಟ್ಟಿ ಬೆಳೆದದ್ದು ಮಾನ್ವಿ ಕಡೆಯ ಹಳ್ಳಿಯ ಮಣ್ಣಿನ ಮಾಳಿಗೆ ಮನೆಯಲ್ಲಿ. "ನೀರು ನಡುವೆ ಇಳಿಯಂಗಿಲ್ಲವ್ವ, ಮೂಲ್ಯಾಗ ಇಳಿತೈತಿ. ಮೊದಲು ಅಂಚು ನೋಡು" ಅಂದರು. ಆ ಮಾಳಿಗೆಗಳಿಗೆ ತೊಲೆ, ಜಂತಿ ಹಾಕಿ, ಮೇಲೆ ಸೊಪ್ಪು ಸದೆ ಹರಡಿ, ಮಣ್ಣು ಹೊಡೆದು, ಕಡೆಗೆ ಸವಳು ಮಣ್ಣು ಹಾಕುತ್ತಿದ್ದರು. ಸವಳು ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ತಾಗಿದ ಕೂಡಲೇ ಅದರ ಸಣ್ಣ ಕಣಗಳು ಬಿಡಿಬಿಡಿಯಾಗಿ ಹರಡಿ ಎಲ್ಲ ರಂಧ್ರ ಮುಚ್ಚುತ್ತವೆ, ಆಮೇಲೆ ನೀರು ಒಳಗೆ ಇಳಿಯುವುದಿಲ್ಲ. ಹೊಲದಲ್ಲಿ ಬೆಳೆ ಬಾರದ ಮಣ್ಣು ಮಾಳಿಗೆಗೆ ಬಂಗಾರ. ಪ್ರತಿ ವರ್ಷ ಮಿರಗದ (ಮೃಗಶಿರಾ) ಮಳೆಗೆ ಮುಂಚೆ ಅಂಚಿಗೆ, ಬೆಳಕಿಂಡಿಯ ಸುತ್ತ, ನೀರು ಹೋಗುವ ದೋಣಿಯ ಬಾಯಿಗೆ ಹೊಸ ಮಣ್ಣು ಒತ್ತುವುದು ಮನೆ ಹೆಂಗಸರ ಕೆಲಸವಾಗಿತ್ತು ಅಂತ ಅತ್ತೆ ಹೇಳುತ್ತಾರೆ. ಆರೈಕೆ ತಪ್ಪಿದ ಮಾಳಿಗೆ ಬಹಳ ಕಾಲ ತಾಳುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬಿಡದೆ ಸುರಿದ ಆ ಮಳೆಗೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಕುಸಿದದ್ದು ಇಲ್ಲಿಯವರು ಯಾರೂ ಮರೆತಿಲ್ಲ.

ಸರಿ, ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಹುಡುಕುವುದು ಮೊದಲ ಕೆಲಸ. ಸುಮ್ನೆ ಊಹೆ ಮಾಡಬೇಡಿ. ನಾವು ಮಾಳಿಗೆಯನ್ನು ಭಾಗ ಮಾಡಿ ನೀರು ನಿಲ್ಲಿಸಿ ನೋಡಿದೆವು. ಜಿಗುಟು ಮಣ್ಣಿನಿಂದ ಸಣ್ಣ ಬದು ಕಟ್ಟಿ, ನೀರು ಹೋಗುವ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ಒಂದು ಭಾಗಕ್ಕೆ ಮಾತ್ರ ಒಂದು ಇಂಚು ನೀರು ಬಿಟ್ಟೆವು. ಒಂದು ಇಂಚಿಗಿಂತ ಜಾಸ್ತಿ ಬೇಡ. 10 ಅಡಿ ಉದ್ದ 10 ಅಡಿ ಅಗಲದ ಜಾಗದಲ್ಲಿ ಒಂದು ಇಂಚು ನೀರು ನಿಂತರೆ ಅದರ ಭಾರ ಸುಮಾರು 235 ಕೆಜಿ ಆಗುತ್ತದೆ. ಹಳೇ ಸ್ಲ್ಯಾಬ್, ಸರಳು ತುಕ್ಕು ಹಿಡಿದ ಸ್ಲ್ಯಾಬ್ ಆಗಿದ್ದರೆ ಈ ಪರೀಕ್ಷೆಯನ್ನೇ ಮಾಡಬಾರದು. ನೀರು ಬಿಡುವ ಮುಂಚೆ ಕೆಳಗಿನ ಚತ್ತಿನಲ್ಲಿ ಹಳೇ ಒದ್ದೆ ಕಲೆಯ ಅಂಚಿಗೆ ಸೀಸಕಡ್ಡಿಯಿಂದ ಗೆರೆ ಎಳೆದಿಟ್ಟೆ. ಕಲೆ ಗೆರೆ ದಾಟಿತೋ ಇಲ್ಲವೋ ಅಂತ ಆಗ ಖಾತ್ರಿಯಾಗಿ ಗೊತ್ತಾಗುತ್ತದೆ. ಇನ್ನೊಂದು ಮಾತು. ಸೋರುವ ಜಾಗದ ಹತ್ತಿರ ಫ್ಯಾನ್, ದೀಪದ ಪಾಯಿಂಟ್ ಇದ್ದರೆ ಆ ಲೈನಿನ ಎಂಸಿಬಿ (ಕರೆಂಟು ಕಡಿಯುವ ಸ್ವಿಚ್) ಇಳಿಸಿಯೇ ಮುಂದಿನ ಕೆಲಸ.

ನಡುಭಾಗಕ್ಕೆ ನೀರು ಬಿಟ್ಟು ಒಂದು ಹಗಲು ಒಂದು ರಾತ್ರಿ ಕಾದೆವು. ಗೆರೆ ಗೆರೆಯಾಗೇ ಇತ್ತು. ಆಮೇಲೆ ಪ್ಯಾರಾಪೆಟ್ ಪಕ್ಕದ ಪಟ್ಟಿಗೆ ನೀರು ಬಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ಬಿಟ್ಟ ನೀರಿಗೆ ಸಂಜೆ ಚಹಾದ ವೇಳೆಗೆ ಕಲೆ ಗೆರೆ ದಾಟಿ ಒಂದು ಗೇಣು ಮುಂದೆ ಬಂದಿತ್ತು. ಇನ್ನೊಂದು ದಾರಿ ಪೈಪಿನ ಸುತ್ತಲೇ ಸಿಕ್ಕಿತು. ನೀರು ಹೊರಗೆ ಹೋಗುವ ಪಿವಿಸಿ ಪೈಪಿನ ಬಾಯಿ ಸ್ಲ್ಯಾಬಿಗಿಂತ ಅರ್ಧ ಇಂಚು ಮೇಲಿತ್ತು. ಅಂದರೆ ಪ್ರತಿ ಮಳೆಗೂ ಅಲ್ಲಿ ಅರ್ಧ ಇಂಚು ನೀರು ನಿಂತೇ ಇರುತ್ತದೆ, ಅದು ಆರುವುದು ಬಿಸಿಲಿಗೆ, ಇಲ್ಲದಿದ್ದರೆ ಪೈಪಿಗೂ ಸಿಮೆಂಟಿಗೂ ನಡುವಿನ ಸಂದಿನಲ್ಲಿ ಕೆಳಗಿಳಿದು. ಹಿಂದೆ ಹೊಡೆಸಿದ ಬಣ್ಣ ಎಷ್ಟೇ ಒಳ್ಳೆಯದಾಗಿದ್ದರೂ ಇದಕ್ಕೆ ಉತ್ತರವಾಗುತ್ತಿರಲಿಲ್ಲ.

ಆಮೇಲೆ ಸ್ವಚ್ಛ ಮಾಡುವ ಕೆಲಸ. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ಬೆವರು ಹರಿಯುವುದು ಇಲ್ಲೇ. ಎದ್ದ ಹಳೇ ಬಣ್ಣವನ್ನು ಅಗಲ ಬಾಯಿಯ ಸ್ಕ್ರೇಪರ್‌ನಿಂದ ಕೆರೆದು ತೆಗೆದೆವು. ಎದ್ದಿಲ್ಲದ ಕಡೆ ಗಟ್ಟಿ ಇದೆಯೋ ಇಲ್ಲವೋ ನೋಡಲು ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ಇರುವ ಕಡೆ ಟಣ್ ಅಂತ ಸಣ್ಣ, ಬಿಗಿಯಾದ ಸದ್ದು ಬರುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಡಬ್ ಅಂತ ಪೊಳ್ಳು ಸದ್ದು. ಒಂದಿಷ್ಟು ಹೊತ್ತು ತಟ್ಟಿದರೆ ಕಿವಿಗೇ ಅಭ್ಯಾಸವಾಗುತ್ತದೆ. ನಮ್ಮ ಮಾಳಿಗೆಯಲ್ಲಿ ಪ್ಯಾರಾಪೆಟ್ ಉದ್ದಕ್ಕೂ ಡಬ್ ಡಬ್ ಅನ್ನುತ್ತಿತ್ತು. ಪೊಳ್ಳು ಸದ್ದು ಬಂದ ಜಾಗಕ್ಕೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಅಷ್ಟನ್ನೂ ಒಡೆದು ತೆಗೆದೆವು. ಪಾಚಿ ಒಣಗಿ ಕಪ್ಪಾಗಿದ್ದ ಕಡೆ ಬ್ಲೀಚಿಂಗ್ ಪೌಡರ್ ನೀರು ಹಾಕಿ, ತಂತಿ ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ತೊಳೆದೆವು. ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಸಿಮೆಂಟ್ ಮುಟ್ಟುವಾಗ ಕೈಗೆ ರಬ್ಬರ್ ಗ್ಲೌಸ್ ಇರಲಿ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಸಂಜೆ ಗೊತ್ತಾಗುವ ಹೊತ್ತಿಗೆ ಬೆರಳ ತುದಿ ಸವೆದಿರುತ್ತದೆ.

ಬಿರುಕುಗಳ ವಿಷಯ. ಮೇಲಿನಿಂದ ಸಿಮೆಂಟ್ ಹಾಲು ಬಳಿದರೆ ಬಿರುಕು ಮುಚ್ಚಿದಂತೆ ಕಾಣುತ್ತದೆ, ಬೇಸಿಗೆ ಕಳೆಯುವಷ್ಟರಲ್ಲಿ ಮತ್ತೆ ಬಾಯಿ ಬಿಡುತ್ತದೆ. ಬಿರುಕನ್ನು ಉಳಿಯಿಂದ ಇಂಗ್ಲಿಷ್ ವಿ ಅಕ್ಷರದ ಆಕಾರಕ್ಕೆ ಸುಮಾರು ಅರ್ಧ ಇಂಚು ಅಗಲ, ಅರ್ಧ ಇಂಚು ಆಳ ಬಿಡಿಸಿ, ಒಳಗಿನ ಪುಡಿಯನ್ನೆಲ್ಲ ಬ್ರಷ್‌ನಿಂದ ತೆಗೆದು, ಆಮೇಲೆ ತುಂಬಬೇಕು. ಏನು ತುಂಬಬೇಕು ಅನ್ನುವುದು ಬಿರುಕು ಸತ್ತದ್ದೋ ಜೀವಂತವೋ ಅನ್ನುವುದರ ಮೇಲೆ ಹೋಗುತ್ತದೆ. ಗೌಂಡಿ ಕಾಕಾ ಹೇಳಿಕೊಟ್ಟ ಉಪಾಯ ಸುಲಭದ್ದು. ಬೆಳಗಿನ ಜಾವ ಸ್ಲ್ಯಾಬ್ ತಣ್ಣಗಿದ್ದಾಗ ಬಿರುಕಿನ ಅಗಲ ನೋಡಿ, ಮಧ್ಯಾಹ್ನ ಕಾದಾಗ ಮತ್ತೆ ಅದೇ ಜಾಗದಲ್ಲಿ ನೋಡಬೇಕು. ಬೆಳಿಗ್ಗೆ ತೆಳುವಾದ ಪೋಸ್ಟ್‌ಕಾರ್ಡಿನ ಅಂಚು ಒಳಗೆ ಹೋಗುತ್ತಿದ್ದ ಬಿರುಕು ಮಧ್ಯಾಹ್ನ ಅದನ್ನು ಒಳಗೆ ಬಿಡುತ್ತಿರಲಿಲ್ಲ. ಅದು ದಿನಾ ಅಲುಗಾಡುತ್ತಿದೆ ಅಂತ ಅರ್ಥ. ಅಂಥದ್ದಕ್ಕೆ ಸಿಮೆಂಟ್ ನಿಲ್ಲುವುದಿಲ್ಲ, ಟ್ಯೂಬಿನಲ್ಲಿ ಬರುವ ಪಾಲಿಯುರಿಥೇನ್ ಸೀಲೆಂಟ್ ತುಂಬಬೇಕು, ಅದು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಅಲುಗಾಡದ ಬಿರುಕಿಗೆ ಪಾಲಿಮರ್ ಸೇರಿಸಿದ ಗಾರೆ ಸಾಕು. ಒಂದು ಪಾಲು ಸಿಮೆಂಟ್, ಮೂರು ಪಾಲು ಜರಡಿ ಹಿಡಿದ ಉಸುಕು, ಕೆಜಿ ಸಿಮೆಂಟಿಗೆ ಸುಮಾರು 200 ಮಿಲಿ ಎಸ್‌ಬಿಆರ್ ಲೇಟೆಕ್ಸ್ (ಹಾಲಿನಂತಿರುವ ರಬ್ಬರ್ ದ್ರಾವಣ, ಪಾಲಿಮರ್ ಅಂದರೆ ಇದೇ), ನೀರು ಬೇಕಾದಷ್ಟೇ. ಕಂಪನಿಯಿಂದ ಕಂಪನಿಗೆ ಪ್ರಮಾಣ ಸ್ವಲ್ಪ ಬದಲಾಗುತ್ತದೆ, ಡಬ್ಬಿ ಮೇಲೆ ಬರೆದದ್ದನ್ನು ಓದಿ.

ಇನ್ನು ಈ ಬರಹದಲ್ಲಿ ನಾನು ಅತಿ ಮುಖ್ಯ ಅಂದುಕೊಂಡಿರುವ ಕೆಲಸ, ಗೋಲಾ. ಸ್ಲ್ಯಾಬ್ ಮತ್ತು ಪ್ಯಾರಾಪೆಟ್ ಗೋಡೆ ಸೇರುವ ಕಡೆ ಚೌಕ ಮೂಲೆ ಇರುತ್ತದಲ್ಲ, ಅಲ್ಲಿ ನೀರು ಕೂರುತ್ತದೆ, ಬಣ್ಣ ಬಳಿದರೂ ಮೂಲೆಯ ಮಡಿಕೆಯಲ್ಲಿ ಅದು ತೆಳುವಾಗಿ ಕೂತು ಬೇಗ ಹರಿಯುತ್ತದೆ. ಆ ಮೂಲೆಯನ್ನು ಗಾರೆಯಿಂದ ತುಂಬಿ ದುಂಡಗೆ ಇಳಿಜಾರು ಮಾಡುವುದೇ ಗೋಲಾ. ಮೊದಲು ಗೋಡೆಯ ಕೆಳಗಿನ ಅರ್ಧ ಅಡಿ ಪ್ಲಾಸ್ಟರ್ ಒಡೆದು ಇಟ್ಟಿಗೆ ಕಾಣುವ ಹಾಗೆ ಮಾಡಿದೆವು. ಸಂದನ್ನು ಉಳಿಯಿಂದ ಬಿಡಿಸಿ ಸೀಲೆಂಟ್ ತುಂಬಿದೆವು. ಅದು ಕೂತ ಮೇಲೆ ಒಂದಕ್ಕೆ ಮೂರರ ಗಾರೆ ಕಲಸಿ ತುಂಬಿದೆವು. ಈ ಗಾರೆಗೆ ಚೀಲ ಸಿಮೆಂಟಿಗೆ 200 ಮಿಲಿ ಲೆಕ್ಕದಲ್ಲಿ ಸಿಗುವ ವಾಟರ್‌ಪ್ರೂಫಿಂಗ್ ದ್ರಾವಣ ಸೇರಿಸಿದ್ದೆವು. ಗೋಡೆ ಕಡೆ ಮೂರು ಇಂಚು, ಸ್ಲ್ಯಾಬ್ ಕಡೆ ಮೂರು ಇಂಚು ಬರುವ ಹಾಗೆ ಥಾಪಿಯಿಂದ ಒತ್ತಿ, ಆಮೇಲೆ ಗಾಜಿನ ಬಾಟಲಿಯನ್ನು ಒದ್ದೆ ಮಾಡಿ ಅದರ ಬೆನ್ನಿನಿಂದ ಉದ್ದಕ್ಕೆ ಎಳೆದೆವು. ಬಾಟಲಿ ಹೋದ ಕಡೆಯೆಲ್ಲ ಒಂದೇ ಅಳತೆಯ ನಯವಾದ ಗುಂಡಗಿನ ಇಳಿಜಾರು ಬರುತ್ತದೆ. ಬಾಟಲಿಯನ್ನು ಮುಂದೆ ಎಳೆಯುವಾಗ ಒತ್ತು ಒಂದೇ ಸಮ ಇರಬೇಕು, ನಡುವೆ ನಿಲ್ಲಿಸಿದರೆ ಅಲ್ಲಿ ಉಂಗುರದಂಥ ಗುರುತು ಬೀಳುತ್ತದೆ, ಬಾಟಲಿಗೆ ಮತ್ತೆ ನೀರು ಹಚ್ಚಿ ತಿರುಗಿ ಎಳೆದರೆ ಹೋಗುತ್ತದೆ. "ಅಕ್ಕಾರ, ಮೂಲಿಗೆ ಮೂಲಿ ಸೇರೋ ಕಡೆ ಕೈಯಿಂದನ ಮಾಡ್ರಿ, ಬಾಟ್ಲಿ ಅಲ್ಲಿ ಹೋಗಂಗಿಲ್ಲ" ಅಂತ ಕಾಕಾ ನೆನಪಿಸಿದರು. ನಾಲ್ಕು ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ಬಟ್ಟಲಿನ ತಳದಷ್ಟು ದುಂಡು ಮಾಡಿದೆವು.

ನೀರುಣಿಸುವುದನ್ನು, ಅಂದರೆ ಹಾಕಿದ ಗಾರೆ ಗಟ್ಟಿಯಾಗುವವರೆಗೆ ಒದ್ದೆಯಾಗಿಡುವುದನ್ನು, ನಮ್ಮ ಊರಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಬೆಳಿಗ್ಗೆ ಏಳಕ್ಕೆ ಹಾಕಿದ ನೀರು ಹತ್ತು ಗಂಟೆಗೆ ಆರಿ ಬಿಳಿಚಿಕೊಂಡಿರುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456 ಪ್ರಕಾರ ಕಾಂಕ್ರೀಟಿಗೆ ಏನೂ ಬೆರೆಸದ ಸಾದಾ ಸಿಮೆಂಟ್ ಆದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಆದರೆ 10 ದಿನ ನೀರುಣಿಸಬೇಕು. ಒಣ ಬಿಸಿಲಿನ ಊರುಗಳಿಗೆ ಅದನ್ನೇ 10 ಮತ್ತು 14 ದಿನಕ್ಕೆ ಏರಿಸಿ ಅನ್ನುತ್ತದೆ. ಈಗ ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಪಿಪಿಸಿ. ಗಾರೆಗೂ ನಾವು ಅದೇ ಲೆಕ್ಕ ಹಿಡಿದೆವು. ಗೋಲಾ ಮೇಲೆ ಹಳೇ ಗೋಣಿಚೀಲ ಹಾಸಿ, ಬೆಳಿಗ್ಗೆ ನಾನು, ಮಧ್ಯಾಹ್ನ ಅತ್ತೆ, ಸಂಜೆ ಮಗ ನೀರು ಹಾಕಿದೆವು. ಎರಡು ವಾರ ಬಿಡಲಿಲ್ಲ. ಆದರೆ ಪಾಲಿಮರ್ ಗಾರೆಗೆ ಈ ನಿಯಮ ಇಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಲೇಟೆಕ್ಸ್ ಸೇರಿದ ಗಾರೆಗೆ ಮೊದಲ ಒಂದು ದಿನ ತೇವ ಸಾಕು, ಆಮೇಲೆ ಅದು ಗಾಳಿಗೆ ಒಣಗಬೇಕು. ಒಣಗಿದರೆ ಮಾತ್ರ ಒಳಗಿನ ಲೇಟೆಕ್ಸ್ ಪೊರೆಗಟ್ಟುತ್ತದೆ.

ಪೈಪನ್ನು ಕಿತ್ತು ಹೊಸದು ಹಾಕಿದೆವು. ಸುತ್ತ ಒಡೆದು, ಬಾಯಿ ಸ್ಲ್ಯಾಬಿಗಿಂತ ಸ್ವಲ್ಪ ಕೆಳಗೆ ಬರುವ ಹಾಗೆ ಇಳಿಸಿ, ಎರಡು ಇಂಚಿನ ಹಳೇ ಪೈಪಿನ ಬದಲು ನಾಲ್ಕು ಇಂಚಿನದು ಕೂರಿಸಿದೆವು. ಪಿವಿಸಿ ಮೈ ನುಣುಪು, ಸಿಮೆಂಟ್ ಅದಕ್ಕೆ ಕಚ್ಚುವುದಿಲ್ಲ. ಗೋಡೆಯೊಳಗೆ ಕೂರುವ ಭಾಗವನ್ನು ಒರಟು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಸೀಲೆಂಟ್ ಒಂದು ಸುತ್ತು ಹಾಕಿ, ಸುತ್ತ ಕುಗ್ಗದ ಗ್ರೌಟ್ (ಸಂದು ತುಂಬುವ ತೆಳು ಸಿಮೆಂಟ್ ಮಿಶ್ರಣ) ತುಂಬಿದೆವು. ಬಾಯಿಗೆ ಜಾಲರಿ ಇಟ್ಟೆವು, ಯಾಕಂದ್ರೆ ಪಕ್ಕದ ಬೇವಿನ ಮರ ಮಾಗಿಯಲ್ಲಿ ಎಲೆ ಉದುರಿಸಿದರೆ ಅರ್ಧ ನಮ್ಮ ಮಾಳಿಗೆಯ ಮೇಲೇ ಬೀಳುತ್ತದೆ.

ಇಳಿಜಾರು ನೋಡಲು ದೊಡ್ಡ ಸಲಕರಣೆ ಬೇಡ. ಮಾಳಿಗೆಗೆಲ್ಲ ಪೈಪಿನಿಂದ ನೀರು ಹೊಡೆದು, ಅರ್ಧ ಗಂಟೆ ಬಿಟ್ಟು ಹೋಗಿ, ಎಲ್ಲೆಲ್ಲಿ ನೀರು ನಿಂತಿದೆಯೋ ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆಯಿರಿ. 10 ಅಡಿಗೆ ಒಂದೂಕಾಲು ಇಂಚಿನಷ್ಟು ಇಳಿತ ಇದ್ದರೆ ನೀರು ತಾನಾಗಿ ಹೋಗುತ್ತದೆ. ನಮ್ಮಲ್ಲಿ ಇಳಿಜಾರು ಒಟ್ಟಾರೆ ಸರಿ ಇತ್ತು, ನೀರಿನ ಟ್ಯಾಂಕಿನ ಹತ್ತಿರ ಮಾತ್ರ ತಗ್ಗು. ಅದನ್ನು ಪಾಲಿಮರ್ ಗಾರೆಯಿಂದ ಎತ್ತರಿಸಿದೆವು.

ಕೆಳಗಿನಿಂದಲೂ ಒಂದು ಕಣ್ಣಿಡಬೇಕು. ಅಡುಗೆಮನೆಯ ಚತ್ತಿನಲ್ಲಿ ಒಂದು ಕಡೆ ಕಂದು ಕಲೆ ಇತ್ತು. ತಟ್ಟಿದರೆ ಪೊಳ್ಳು. ಒಡೆದಾಗ ಒಳಗೆ ಸರಳಿಗೆ ತುಕ್ಕು. ಕಬ್ಬಿಣ ತುಕ್ಕು ಹಿಡಿದರೆ ಇದ್ದದ್ದಕ್ಕಿಂತ ಕೆಲವು ಪಟ್ಟು ಜಾಗ ಬೇಡುತ್ತದೆ, ಅದಕ್ಕೇ ಮೇಲಿನ ಕಾಂಕ್ರೀಟನ್ನು ತಳ್ಳಿ ಉದುರಿಸುತ್ತದೆ. ನಮ್ಮದು ಮೇಲ್ಮೇಲಿನ ತುಕ್ಕು, ಸರಳಿನ ದಪ್ಪ ಹಾಗೇ ಇತ್ತು. ತಂತಿ ಬ್ರಷ್‌ನಿಂದ ಹೊಳೆಯುವವರೆಗೆ ಉಜ್ಜಿ, ಝಿಂಕ್ ಪ್ರೈಮರ್ ಹಚ್ಚಿ, ಪಾಲಿಮರ್ ಗಾರೆ ಮೆತ್ತಿದೆವು. ಸರಳು ಸವೆದು ತೆಳ್ಳಗಾಗಿದ್ದರೆ, ಸ್ಲ್ಯಾಬ್ ಬಾಗಿದಂತೆ ಕಂಡರೆ, ತುಂಡುಗಳು ಉದುರುತ್ತಿದ್ದರೆ ಅದು ಮನೆಯವರು ಮುಟ್ಟುವ ಕೆಲಸವಲ್ಲ. ಇಂಜಿನಿಯರನ್ನು ಕರೆಸಿ. ಅದರಲ್ಲಿ ಉಳಿತಾಯ ನೋಡಬೇಡಿ.

ಇಷ್ಟೆಲ್ಲ ಆದ ಮೇಲೆ ಬಣ್ಣದ ಸರದಿ. ಆದರೆ ಸ್ಲ್ಯಾಬ್ ನಿಜವಾಗಿ ಒಣಗಿದೆಯೇ? ಮೇಲೆ ನೋಡಿದರೆ ಒಣಗಿದ ಹಾಗೇ ಕಾಣುತ್ತದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಒಳಗೆ ಇನ್ನೂ ತೇವ ಇದೆ. ಅದರ ಮೇಲೆ ಬಣ್ಣ ಹೊಡೆದರೆ ಮೊದಲ ಬಿಸಿಲಿಗೇ ಆವಿಯಾಗಿ ಬಣ್ಣವನ್ನು ಎಬ್ಬಿಸುತ್ತದೆ. ನಮಗೆ ಮೊದಲ ಸಲ ಟ್ಯಾಂಕಿನ ಪಕ್ಕ ಹನಿ ಸಿಕ್ಕಿತು. ಒಂದು ವಾರ ತಡೆದು ಮತ್ತೆ ನೋಡಿದೆವು.

ಯಾವ ಹೊತ್ತಿಗೆ ಹಚ್ಚಬೇಕು ಅನ್ನುವುದು ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಎಲ್ಲರೂ ಬೆಳಿಗ್ಗೆ ತಂಪಿನಲ್ಲಿ ಹಚ್ಚಿ ಅನ್ನುತ್ತಾರೆ. ಬೆಳಿಗ್ಗೆ ಹಚ್ಚಿದರೆ ಆಮೇಲೆ ಸ್ಲ್ಯಾಬ್ ಕಾಯುತ್ತಾ ಹೋಗುತ್ತದೆ, ಅದರ ಸಣ್ಣ ರಂಧ್ರಗಳಲ್ಲಿರುವ ಗಾಳಿ ಹಿಗ್ಗಿ ಹೊರಗೆ ಬರಲು ನೋಡುತ್ತದೆ, ಅರ್ಧ ಒಣಗಿದ ಬಣ್ಣದಲ್ಲಿ ಸೂಜಿಮೊನೆಯಂಥ ತೂತು, ಗುಳ್ಳೆ ಬೀಳುತ್ತವೆ. ಸಂಜೆ ಸ್ಲ್ಯಾಬ್ ತಣ್ಣಗಾಗುತ್ತಾ ಬರುವಾಗ ಹಚ್ಚಿದರೆ ಅದೇ ಗಾಳಿ ಒಳಗೆ ಕುಗ್ಗುತ್ತದೆ, ಬಣ್ಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಪ್ರೈಮರ್ ಮತ್ತು ಮೊದಲ ಕೋಟ್ ಎರಡನ್ನೂ ಹೊತ್ತು ಇಳಿದ ಮೇಲೆ ಹಚ್ಚಿದೆವು. ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಇರಲು ಆಗುವಷ್ಟು ಸ್ಲ್ಯಾಬ್ ಆರಿರಬೇಕು. ಫೆಬ್ರುವರಿಯಲ್ಲಿ ನಮ್ಮ ಕಡೆ ರಾತ್ರಿ ಇಬ್ಬನಿ ಕಡಿಮೆ, ಮಳೆಯ ಭಯವೂ ಇಲ್ಲ, ಈ ಕೆಲಸಕ್ಕೆ ಅದೇ ಒಳ್ಳೆಯ ತಿಂಗಳು. ಮೇ ತಿಂಗಳಲ್ಲಿ ಮಾತ್ರ ಇದನ್ನು ಹಿಡಿಯಬೇಡಿ. ಡಬ್ಬಿಯಲ್ಲಿದ್ದಾಗಲೇ ಬಣ್ಣ ಕೆನೆಗಟ್ಟುತ್ತದೆ.

ನಾವು ಆರಿಸಿದ್ದು ಬಿಳಿ ಅಕ್ರಿಲಿಕ್ ಇಲಾಸ್ಟೊಮೆರಿಕ್ ಬಣ್ಣ. ಸ್ಲ್ಯಾಬ್ ಹಿಗ್ಗಿದರೆ ತಾನೂ ಹಿಗ್ಗುವಂಥದ್ದು ಬೇಕು ಅನ್ನುವುದೇ ಕಾರಣ. ಮೊದಲು ಅದನ್ನೇ ನೀರು ಬೆರೆಸಿ ತೆಳು ಮಾಡಿ ಪ್ರೈಮರ್ ಆಗಿ ಹಚ್ಚಿದೆವು. ಆಮೇಲೆ ಗೋಲಾ ಉದ್ದಕ್ಕೂ, ಪೈಪಿನ ಸುತ್ತ, ಬಿರುಕು ತುಂಬಿದ ಕಡೆಗಳಲ್ಲಿ ದಪ್ಪಗೆ ಬಣ್ಣ ಬಳಿದು, ಹಸಿ ಇರುವಾಗಲೇ ಫೈಬರ್ ಬಲೆಬಟ್ಟೆ ಒತ್ತಿ, ಅದರ ಕಣ್ಣು ಮುಚ್ಚುವಷ್ಟು ಮತ್ತೆ ಬಳಿದೆವು. ಬಲೆಬಟ್ಟೆ ಸುಕ್ಕಾಗದಂತೆ ಒಬ್ಬರು ಬಿಚ್ಚುತ್ತಾ ಹೋಗಬೇಕು, ಇನ್ನೊಬ್ಬರು ಬ್ರಷ್‌ನಿಂದ ಒತ್ತುತ್ತಾ ಬರಬೇಕು. ಮಗ ಬಿಚ್ಚಿದ, ನಾನು ಒತ್ತಿದೆ. ಪ್ಯಾರಾಪೆಟ್ ಮೇಲೆ ಒಂದು ಅಡಿವರೆಗೂ ಹತ್ತಿಸಿದೆವು, ಸ್ಲ್ಯಾಬಿಗೇ ನಿಲ್ಲಿಸಬಾರದು. ಆಮೇಲೆ ಇಡೀ ಮಾಳಿಗೆಗೆ ಎರಡು ಕೋಟ್. ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ಎಲ್ಲೂ ಬಿಟ್ಟುಹೋಗದಿರಲಿ ಅಂತ. ಡಬ್ಬಿಯ ಮೇಲೆ ಬರೆದ ಚದರ ಅಡಿ ಲೆಕ್ಕ ನುಣುಪು ಮೇಲ್ಮೈಗೆ, ಒರಟು ಹಳೇ ಸ್ಲ್ಯಾಬ್ ಜಾಸ್ತಿ ಕುಡಿಯುತ್ತದೆ. ಸಾಲದೆ ಬಂತು ಅಂತ ನೀರು ಸೇರಿಸಿ ಎಳೆದರೆ ಪೊರೆ ತೆಳುವಾಗುತ್ತದೆ, ಇನ್ನೊಂದು ಡಬ್ಬಿ ತರುವುದೇ ಸರಿ.

ಪೂರ್ತಿ ಒಣಗಲು ಒಂದು ವಾರ ಬಿಟ್ಟು ಮತ್ತೆ ನೀರು ನಿಲ್ಲಿಸಿದೆವು. ಈ ಸಲ ಎರಡು ದಿನ. ಚತ್ತಿನ ಹಳೇ ಸೀಸಕಡ್ಡಿ ಗೆರೆ ಇನ್ನೂ ಇತ್ತು, ಅದರ ಆಚೆ ಈಚೆ ಎಲ್ಲೂ ಹೊಸ ತೇವ ಇಲ್ಲ. ಅತ್ತೆ ಸ್ಟೂಲ್ ಹತ್ತಿ ತಾವೇ ಕೈಯಿಂದ ಮುಟ್ಟಿ ನೋಡಿದರು. ಜೂನ್‌ನಿಂದ ಬಂದ ಮಳೆಗೂ ಅಡುಗೆಮನೆ ಒಣಗೇ ಇದೆ.

ಬಿಳಿಯಿಂದ ಆದ ಇನ್ನೊಂದು ಲಾಭ ಬೇಸಿಗೆಯಲ್ಲಿ ತಿಳಿಯಿತು. ಮುಂಚೆ ರಾತ್ರಿ ಹನ್ನೊಂದಾದರೂ ಫ್ಯಾನ್ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತಿತ್ತು, ಊಟ ಆದ ಕೂಡಲೇ ಹಾಸಿಗೆ ಎತ್ತಿಕೊಂಡು ಮಾಳಿಗೆ ಹತ್ತುತ್ತಿದ್ದೆವು. ಈ ಸಲ ಒಳಗೆ ಮಲಗಲು ಆಯಿತು. ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕೇ ಅಂತ ಕೂಲ್ ರೂಫ್ ನೀತಿ ತಂದಿದೆ, ನಮ್ಮದೂ ಅದೇ ಬಿಸಿಲು ಅಲ್ವಾ. ಬಿಳಿ ಮೇಲ್ಮೈ ಬಿಸಿಲಿನ ಬಹುಪಾಲನ್ನು ತಿರುಗಿ ಕಳಿಸುತ್ತದೆ, ಸ್ಲ್ಯಾಬ್ ಕಾಯುವುದೇ ಕಡಿಮೆ, ಹಿಗ್ಗಿ ಕುಗ್ಗುವುದೂ ಕಡಿಮೆ. ಆದರೆ ಧೂಳು ಕೂತರೆ ಅಷ್ಟು ಕೆಲಸ ಮಾಡುವುದಿಲ್ಲ. ನಮ್ಮ ಊರಿನ ಧೂಳಿಗೆ ಶಿವರಾತ್ರಿ ಹೊತ್ತಿಗೆ ಒಮ್ಮೆ, ಬೇಸಿಗೆ ನಡುವೆ ಒಮ್ಮೆ ಮೆತ್ತನೆ ಬ್ರಷ್ ಹಾಕಿ ತೊಳೆಯಬೇಕು.

ಅಕ್ರಿಲಿಕ್ ಕೊಳ್ಳಲು ಆಗದವರಿಗೆ ತಂಪಿನ ಮಟ್ಟಿಗೆ ಸುಣ್ಣ ಚೆನ್ನಾಗಿದೆ. ಹಿಂದಿನ ಮನೆಯ ಅಕ್ಕ ನಮ್ಮದು ನೋಡಿ ಅದನ್ನೇ ಮಾಡಿದರು. ಸುಣ್ಣದ ಕಲ್ಲನ್ನು ಹಿಂದಿನ ರಾತ್ರಿಯೇ ಕಬ್ಬಿಣದ ಡ್ರಮ್ಮಿನಲ್ಲಿ ನೀರಿಗೆ ಹಾಕಿ ಅರಳಿಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಬಿಳಿ ಸಿಮೆಂಟ್ ಮತ್ತು ಸ್ವಲ್ಪ ಫೆವಿಕಾಲ್ ಸೇರಿಸಿ, ಒದ್ದೆ ಮಾಡಿದ ಸ್ಲ್ಯಾಬಿಗೆ ತೆಳುವಾಗಿ ಹಚ್ಚಿದರು. ಅರಳುವಾಗ ಅದು ಕುದಿಯುತ್ತದೆ, ಸಿಡಿದರೆ ಕಣ್ಣಿಗೇ ಅಪಾಯ, ಮಕ್ಕಳನ್ನು ಹತ್ತಿರ ಬಿಡಬೇಡಿ, ಪ್ಲಾಸ್ಟಿಕ್ ಬಕೆಟ್ ಬಳಸಬೇಡಿ. ಸುಣ್ಣ ಒಂದು ಬೇಸಿಗೆ ಬರುತ್ತದೆ, ಮಳೆಗೆ ತೊಳೆದು ಹೋಗುತ್ತದೆ, ಸೋರುವುದನ್ನು ನಿಲ್ಲಿಸುವುದಿಲ್ಲ. ಅಕ್ರಿಲಿಕ್ ಬಣ್ಣದ ಮೇಲೆ ಹಚ್ಚಿದರೆ ಹಿಡಿಯುವುದೂ ಇಲ್ಲ. ಆ ಅಕ್ಕನ ಮಾಳಿಗೆಗೂ ಗೋಲಾ ಮಾತ್ರ ಸಿಮೆಂಟಿನಲ್ಲೇ ಮಾಡಿಕೊಟ್ಟೆವು.

ಒಳಗಿನ ಚತ್ತಿಗೆ ಪುಟ್ಟಿ, ಬಣ್ಣ ಇನ್ನೂ ಮಾಡಿಲ್ಲ. ಒಳಗಿನ ತೇವ ಪೂರ್ತಿ ಹೊರಗೆ ಬರಲು ತಿಂಗಳುಗಟ್ಟಲೆ ಬೇಕು, ಉಪ್ಪು ಬಂದಾಗೆಲ್ಲ ಒಣ ಬ್ರಷ್‌ನಿಂದ ಉಜ್ಜಿ ತೆಗೆಯುತ್ತಿದ್ದೇವೆ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೇ ಹೋಗುತ್ತದೆ. ದೀಪಾವಳಿ ಆದ ಮೇಲೆ ಕಿಟಕಿ ಸಜ್ಜಾಗಳ ಸರದಿ. ಅಲ್ಲೂ ಗೋಡೆ ಸೇರುವ ಸಂದಿನಲ್ಲಿ ಅದೇ ಬಿರುಕು ಕಾಣುತ್ತಿದೆ, ಉಳಿದ ಬಲೆಬಟ್ಟೆ ಅದಕ್ಕೆ ಸಾಕಾಗುತ್ತದೆ, ಸೀಲೆಂಟ್ ಮಾತ್ರ ಹೊಸದು ತರಬೇಕು.